ಹಿಡಿಕೆಗೆ ಕಟ್ಟಿದ ಮಫ್ಲರು

1986ರಲ್ಲಿ ನಾನು ಓಕ್ಲ್ಯಾಂಡ್ ವಿಮಾನ ನಿಲ್ದಾಣದ ಹಳೆಯ ಭಾಗದಲ್ಲಿದ್ದ ಒಂದು ಹ್ಯಾಂಗರಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಆಗ ವಯಸ್ಸು ಇಪ್ಪತ್ತನಾಲ್ಕು. ಕೆಲಸದ ಅನುಭವಗಳನ್ನು ಸಾಮಾನ್ಯವಾಗಿ ನಿವೃತ್ತರು ಬರೆಯುತ್ತಾರೆ; ಮೂವತ್ತು ವರ್ಷದ ಸೇವೆ, ಒಂದು ಹಾರ, ಒಂದು ಗೋಡೆ ಗಡಿಯಾರ, ಆಮೇಲೆ ಒಂದು ಲೇಖನ. ನನಗೆ ಈಗ ಇಪ್ಪತ್ತೇಳು. ಹಾರವೂ ಬಂದಿಲ್ಲ, ಗಡಿಯಾರವೂ ಬಂದಿಲ್ಲ. ಆದರೆ ನಾನು ಬರೆಯಬೇಕಾದ ಕೇಸು ಒಂದೇ ಒಂದು. ಅದು ಆಗಿಹೋಗಿದೆ. ತಲೆ ನರೆಯುವವರೆಗೆ ಕಾದರೂ ಅದು ಬೇರೆ ಥರ ಆಗುವುದಿಲ್ಲ.

ನಮ್ಮದು ಬೆಂಗಳೂರಿನ ಮನೆ. ನನಗೆ ಹದಿನೇಳಾಗಿದ್ದಾಗ ಅಪ್ಪನಿಗೆ ಇಲ್ಲಿ ಅಮೆರಿಕದಲ್ಲಿ ಕಂಪ್ಯೂಟರ್ ಚಿಪ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಎಲ್ಲರೂ ಮೌಂಟನ್ ವ್ಯೂಗೆ ಬಂದೆವು. ನಾನು ಇಂಜಿನಿಯರ್ ಆಗುತ್ತೇನೆ ಎಂದು ಅಪ್ಪ ನಂಬಿದ್ದರು. ನಾನು ಎರಡು ವರ್ಷದ ವಿಮಾನ ರಿಪೇರಿ ಕೋರ್ಸು ಮಾಡಿ, ಪರೀಕ್ಷೆ ಕೊಟ್ಟು, ಸರ್ಕಾರದ ಮೆಕ್ಯಾನಿಕ್ ಲೈಸೆನ್ಸು ತೆಗೆದುಕೊಂಡೆ. ಈ ಲೈಸೆನ್ಸು ಇದ್ದವನು ಸಹಿ ಹಾಕದೆ ಇಲ್ಲಿ ಯಾವ ವಿಮಾನವೂ ಏಳುವಂತಿಲ್ಲ. ಆದರೂ ಹಬ್ಬದೂಟದಲ್ಲಿ ಯಾರಾದರೂ ಆಂಟಿ "ಏನು, ಏರೋಸ್ಪೇಸಾ?" ಎಂದು ಕೇಳಿದರೆ "ಹೌದು ಆಂಟಿ, ಅದರ ಕೆಳಗೆ ಮಲ್ಕೋತೀನಿ" ಎನ್ನುತ್ತಿದ್ದೆ. ಆಮೇಲೆ ಆ ಆಂಟಿ ತಮ್ಮ ಯಜಮಾನರಿಗೆ ಈ ವಿಷಯ ಹೇಗೆ ಹೇಳುತ್ತಾರೆ ಎಂಬುದನ್ನು ಅವರದೇ ದನಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಮಿಮಿಕ್ರಿ ನನಗಿದ್ದ ಇನ್ನೊಂದು ಕಸುಬು. ಅದಕ್ಕೆ ಲೈಸೆನ್ಸು ಬೇಕಿರಲಿಲ್ಲ. ಅಪ್ಪ, ಪುರೋಹಿತರು, ನಮ್ಮ ಮೇಷ್ಟ್ರು, ಕೊನೆಗೆ ಅಮೆರಿಕನ್ನರ ಮುಂದೆ ಇಂಗ್ಲಿಷು ಮಾತಾಡುವ ನಾನು, ಎಲ್ಲರನ್ನೂ ಮಾಡುತ್ತಿದ್ದೆ. ಒಬ್ಬರ ನಡಿಗೆಯನ್ನು ಒಂದು ಸಲ ನೋಡಿದರೆ ಸಾಕು, ಸಂಜೆಯ ಹೊತ್ತಿಗೆ ಅದು ನನ್ನ ಕಾಲಿಗೆ ಬಂದಿರುತ್ತಿತ್ತು.

ಹ್ಯಾಂಗರಿನಲ್ಲಿ ಇದ್ದದ್ದು ಒಂದೇ ವಿಮಾನ, ಎರಡನೆಯ ಮಹಾಯುದ್ಧದ ಕಾಲದ ಬಿ-25. ಇದನ್ನು ಮೀಡಿಯಂ ಬಾಂಬರ್ ಎನ್ನುತ್ತಾರೆ. ಎರಡು ಇಂಜಿನ್ನು, ಐದಾರು ಜನರ ಸಿಬ್ಬಂದಿ. ದೂರದ ಊರುಗಳನ್ನು ಸುಡಲು ಹೋಗುವ ನಾಲ್ಕು ಇಂಜಿನ್ನಿನ ದೊಡ್ಡಣ್ಣಂದಿರಿಗಿಂತ ಚಿಕ್ಕದು. ಯುದ್ಧ ಮುಗಿದ ಮೇಲೆ ನಮ್ಮ ವಿಮಾನವನ್ನು ಕಾಡಿನ ಬೆಂಕಿಗೆ ನೀರು ಸುರಿಯಲು ಇಟ್ಟುಕೊಂಡಿದ್ದರು. ಬಾಂಬು ತೂಗುಹಾಕುವ ಹೊಟ್ಟೆಯಲ್ಲಿ ನೀರಿನ ಟ್ಯಾಂಕು ಕೂರಿಸಿದ್ದರು. ಹಳೆಯ ವಿಮಾನಗಳ ಮೇಲೆ ಆಸೆಯಿದ್ದ ಒಂದು ಸಂಘ ಅದನ್ನು ಕೊಂಡು, 1943ರಲ್ಲಿ ಹೇಗಿತ್ತೋ ಹಾಗೇ ಮಾಡಿ ಹಾರಿಸಬೇಕೆಂದು ಹೊರಟಿತ್ತು. ಸಂಬಳದ ಮೆಕ್ಯಾನಿಕ್ಕುಗಳು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ನಮ್ಮ ಮುಖ್ಯಸ್ಥ ಹ್ಯಾಂಕ್, ಏರ್‌ಲೈನ್ಸಿನಿಂದ ನಿವೃತ್ತನಾಗಿ ಬಂದವನು. ಡಬ್ಬದಲ್ಲಿ ಜಲ್ಲಿ ಕಲ್ಲು ಹಾಕಿ ಕುಲುಕಿದರೆ ಹೇಗೋ ಹಾಗೆ ಅವನ ದನಿ. ಅದನ್ನು ನಾನು ಮೊದಲ ವಾರದಲ್ಲೇ ಕಲಿತಿದ್ದೆ. ಶನಿವಾರಗಳಲ್ಲಿ ಸ್ವಯಂಸೇವಕರು ಬರುತ್ತಿದ್ದರು. ಅವರಲ್ಲಿ ತಪ್ಪದೆ ಬರುತ್ತಿದ್ದವನು ಗ್ಲೆನ್, ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತನಾದ ಸಾಧು ಮನುಷ್ಯ.

ಆ ವರ್ಷ ನನಗೆ ಬಂದ ಕೆಲಸ ವಿಮಾನಕ್ಕೆ ಆಯುಧ ತೊಡಿಸುವುದು. ನಿಜವಾದ ಆಯುಧವಲ್ಲ. ಬಂದೂಕುಗಳು ನಳಿಕೆಗೆ ಬೆಸುಗೆ ಹಾಕಿ ಸಾಯಿಸಿದಂಥವು. ಬಾಂಬುಗಳು ನಾವೇ ತಗಡು ಸುತ್ತಿ, ಹಸಿರು ಬಣ್ಣ ಬಳಿದು ಮಾಡಿದವು, ಒಳಗೆ ಬರೀ ಗಾಳಿ. ಆದರೆ ಅವುಗಳನ್ನು ತೂಗುಹಾಕುವ ವ್ಯವಸ್ಥೆ ಅಸಲಿಯದೇ ಆಗಬೇಕೆಂದು ಹ್ಯಾಂಕ್ ಹಟ ಹಿಡಿದಿದ್ದ. ಹೊಟ್ಟೆಯೊಳಗೆ ಎರಡೂ ಬದಿಗೆ ರ‍್ಯಾಕು ಎಂಬ ಕಬ್ಬಿಣದ ಚೌಕಟ್ಟು. ಅದಕ್ಕೆ ಸಿಕ್ಕಿಸಲು ಶ್ಯಾಕಲ್ ಎಂಬ ಎರಡು ಕೊಕ್ಕೆಯ ಸಾಧನ. ಆ ಕೊಕ್ಕೆಗಳಲ್ಲಿ ಬಾಂಬು. ಶ್ಯಾಕಲ್ಲುಗಳು ಯಾರದೋ ಸಂಗ್ರಹದಿಂದ ನಾಲ್ಕು ಪೆಟ್ಟಿಗೆಗಳಲ್ಲಿ ಬಿಡಿ ಬಿಡಿಯಾಗಿ ಬಂದವು. ಮ್ಯಾನ್ಯುಯಲ್ಲಿನಲ್ಲಿ ಆ ಪುಟಗಳೇ ಇರಲಿಲ್ಲ. ಒಂದು ತಿಂಗಳು ನಾನೂ ಹ್ಯಾಂಕೂ ಅವುಗಳನ್ನು ಜೋಡಿಸಿದೆವು, ಬಿಚ್ಚಿದೆವು, ಬೈದೆವು.

ಏಪ್ರಿಲಿನಲ್ಲಿ ನಮ್ಮ ಮನೆಯವರ ಪರಿಚಯದ, ಹತ್ತಿರದ ಊರು ಕ್ಯಾಂಪ್‌ಬೆಲ್‌ನ ಡಾಕ್ಟರ್ ಶೈಲಾ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟವಾದ ಮೇಲೆ ನಾನು ಒಂದು ಇಕ್ಕಳ ಹಿಡಿದು, ಹ್ಯಾಂಕ್ ಶ್ಯಾಕಲ್ಲಿನ ಜೊತೆ ಕುಸ್ತಿ ಮಾಡುವುದನ್ನು ಮಾಡಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಮೂಲೆಯ ಸೋಫಾದಲ್ಲಿ ಶೈಲಾ ಅವರ ತಂದೆ ಬಸಲಿಂಗಪ್ಪನವರು ಕೂತಿದ್ದರು, ಹುಬ್ಬಳ್ಳಿ ಕಡೆಯವರು, ಅರವತ್ತಮೂರು ವರ್ಷ. ಹೊರಗೆ ಬಿಸಿಲಿದ್ದರೂ ಕುತ್ತಿಗೆಗೆ ಕಂದು ಬಣ್ಣದ ಉಣ್ಣೆಯ ಮಫ್ಲರು. ಅವರು ನಗಲಿಲ್ಲ.

"ಆ ಕೈಯಾಗ ಹಿಡಕೊಂಡಿದ್ದು ತಲಿಕೆಳಗ ಐತಿ ತಮ್ಮಾ," ಎಂದರು. "ಉದ್ದನ ಕೊಕ್ಕಿ ಮುಂದ ಬರಬೇಕು."

ಇಕ್ಕಳದ ಬಗ್ಗೆ ಹೇಳುತ್ತಿದ್ದಾರೆಂದುಕೊಂಡೆ. ಅವರು ಹೇಳಿದ್ದು ಶ್ಯಾಕಲ್ಲಿನ ಬಗ್ಗೆ. ಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅಮೆರಿಕನ್ನರ ವಿಮಾನಗಳ ರಿಪೇರಿ ನಡೆಯುತ್ತಿತ್ತು. ಇಪ್ಪತ್ತು ವರ್ಷದ ಬಸಲಿಂಗಪ್ಪ ಅಲ್ಲಿ ಬಾಂಬಿನ ರ‍್ಯಾಕು ಕೂರಿಸುವ ಫಿಟ್ಟರು. ಆಮೇಲೆ ಊರಿಗೆ ಹೋಗಿ ರೈಲ್ವೆ ಸೇರಿ, ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಅವರ ಕೈ ಈ ವಿಮಾನದ ಹೊಟ್ಟೆಯನ್ನು ಮರೆತಿರಲಿಲ್ಲ. ಮುಂದಿನ ಶನಿವಾರ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಫ್ರೀವೇ ಹಿಡಿದು ಓಕ್ಲ್ಯಾಂಡಿಗೆ ಕರೆದುಕೊಂಡು ಹೋದೆ. ಮೊದಲ ಶ್ಯಾಕಲ್ಲನ್ನು ಅವರು ಜೋಡಿಸಲು ತೆಗೆದುಕೊಂಡ ಸಮಯ ಹನ್ನೊಂದು ನಿಮಿಷ. ಹ್ಯಾಂಕ್ ತನ್ನ ಕುರ್ಚಿ ತಂದು ಅವರಿಗೆ ಹಾಕಿದ. ನಾನು ಕೆಲಸ ಮಾಡಿದಷ್ಟು ದಿನ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತದ್ದನ್ನು ಕಂಡಿರಲಿಲ್ಲ.

ನಾನು ಅವರನ್ನು ಕಾಕಾ ಎಂದು ಕರೆಯತೊಡಗಿದೆ. ಹ್ಯಾಂಗರಿನಲ್ಲಿ ಎಲ್ಲರಿಗೂ ಅವರು ಕಾಕಾ ಆದರು.

ಕಾಕಾ ತಂದದ್ದು ಶ್ಯಾಕಲ್ಲಿನ ವಿದ್ಯೆ ಒಂದೇ ಅಲ್ಲ. ಬಾಂಬರಿನ ಹೊಟ್ಟೆಗೆ ಎರಡು ಉದ್ದನೆಯ ಬಾಗಿಲುಗಳು, ಕೆಳಕ್ಕೆ ತೆರೆಯುತ್ತವೆ. ಅವುಗಳನ್ನು ಎಳೆಯುವುದು ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡ. ಮುಚ್ಚುವಾಗ ಅವು ತಡಮಾಡುವುದಿಲ್ಲ. ಅದನ್ನು ನಡೆಸುವ ಹಿಡಿಕೆ ಇರುವುದು ವಿಮಾನದ ಮೂತಿಯಲ್ಲಿ, ಬಾಂಬು ಬಿಡುವವನು ಕೂರುವ ಗಾಜಿನ ಗೂಡಿನಲ್ಲಿ. ಅಲ್ಲಿ ಕೂತವನಿಗೆ ಹೊಟ್ಟೆಯೊಳಗೆ ಯಾರಿದ್ದಾರೆಂದು ಕಾಣುವುದಿಲ್ಲ. ನಾವು ಕೂಗಿ ಕೆಲಸ ನಡೆಸುತ್ತಿದ್ದೆವು. ಹೊರಗಿನವನು ಕ್ಲಿಯರ್, ಅಂದರೆ ಹೊಟ್ಟೆಯೊಳಗೆ ಯಾರೂ ಇಲ್ಲ, ಎಂದು ಕೂಗಿದರೆ ಮೂತಿಯಲ್ಲಿರುವವನು ಹಿಡಿಕೆ ಎಳೆಯುವುದು. ಕಾಕಾ ಇದನ್ನು ಕೇಳಿ, ಹಾಗಾದರೆ ತಾನು ಹೊಟ್ಟೆಯೊಳಗೆ ಕೈಯಿಡುವುದಿಲ್ಲ ಎಂದರು. ಬೆಂಗಳೂರಿನಲ್ಲಿ ರಿವೆಟ್ಟು ಹೊಡೆಯುವ ಗದ್ದಲದಲ್ಲಿ ಯಾರ ದನಿಯನ್ನೂ ನಂಬುವಂತಿರಲಿಲ್ಲವಂತೆ. ಹೊಟ್ಟೆಯ ಕೆಳಗೆ ಹೋಗುವವನು ಮೊದಲು ಮೂತಿಗೆ ಹತ್ತಿ ತನ್ನ ಮೈಮೇಲಿನ ಒಂದು ಬಟ್ಟೆಯನ್ನು ಹಿಡಿಕೆಗೆ ಕಟ್ಟಬೇಕು: ಟವೆಲ್ಲೋ, ಪೇಟವೋ, ಏನೋ ಒಂದು.

"ಕಟ್ಟಿದಾಂವನ ಬಿಚ್ಚಬೇಕು," ಎಂದರು. "ಫೋರ್ಮನ್ ಬಂದ್ರೂ ಮುಟ್ಟಂಗಿಲ್ಲ. ದೊರಿ ಬಂದ್ರೂ ಮುಟ್ಟಂಗಿಲ್ಲ."

ನಾನು ಅನುವಾದಿಸಿದೆ. ಹ್ಯಾಂಕ್ ಒಪ್ಪಿದ. ಅಂದಿನಿಂದ ನಮ್ಮಲ್ಲಿ ಎರಡು ಕಾನೂನು: ಹಿಡಿಕೆಗೆ ಕಟ್ಟಿದ ಬಟ್ಟೆ, ಕಟ್ಟಿದವನು ಅದನ್ನು ಬಿಚ್ಚಿ ಹೊರಗೆ ಬಂದ ಮೇಲೆ ಕೂಗುವ ಕೂಗು. ಕಾಕಾ ಕಟ್ಟುತ್ತಿದ್ದುದು ಮಫ್ಲರು. ಅವರು ಕೂಗುತ್ತಿದ್ದುದು "ಕ್ಲಿಯರ್ ಐತ್ರಿ." ಗ್ಲೆನ್ ಮೂತಿಯೊಳಗಿಂದ "ಐತ್ರಿ?" ಎಂದು ಕೇಳುವುದನ್ನು ಕಲಿತ. ಕಾಕಾ "ಐತ್ರಿ, ಐತ್ರಿ" ಎನ್ನುತ್ತಿದ್ದರು. ಆಮೇಲೆ ಬಾಗಿಲು ಮುಚ್ಚುತ್ತಿತ್ತು. ಮೇ, ಜೂನು, ಜುಲೈ ಹೀಗೇ ನಡೆಯಿತು. ಕಾಕಾ ಒಂದು ಸಲವೂ ಕಟ್ಟುವುದನ್ನು ಮರೆಯಲಿಲ್ಲ.

ಜುಲೈನಲ್ಲಿ ಹ್ಯಾಂಕ್ ಮೊದಲ ಹಾರಾಟದಲ್ಲಿ ಹೋಗುವವರ ಪಟ್ಟಿ ಬರೆದು ಗೋಡೆಗೆ ಅಂಟಿಸಿದ. ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣದ ಪಕ್ಕದ ಕೊಲ್ಲಿಯ ಮೇಲೆ ಹೋಗಿ, ಬಾಗಿಲು ತೆರೆದು ಮುಚ್ಚಿ ಬರಬೇಕು. ಐದು ಹೆಸರು. ಐದನೆಯದು ಬಸಲಿಂಗಪ್ಪ, ಆರ್ಮರರ್, ಅಂದರೆ ಆಯುಧಗಳ ಉಸ್ತುವಾರಿ. ಅದನ್ನು ಓದಿ ಹೇಳಿದಾಗ ಕಾಕಾ ತಮ್ಮ ಹೆಸರಿನ ಮೇಲೆ ಒಂದು ಬೆರಳಿಟ್ಟು ನಿಂತರು. ಬೆಂಗಳೂರಿನಲ್ಲಿ ಫೋರ್ಮನ್ನು ಅವರನ್ನು ಒಂದು ಸಲ ಮೇಲೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದನಂತೆ. ಯುದ್ಧ ಮುಗಿಯಿತು, ವಿಮಾನಗಳು ಹೋದವು, ಫೋರ್ಮನ್ನೂ ಹೋದ. ಅಷ್ಟು ವಿಮಾನಗಳ ಹೊಟ್ಟೆಯೊಳಗೆ ಕೆಲಸ ಮಾಡಿದವರು ಒಂದರಲ್ಲೂ ಕೂತು ಹಾರಿರಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಅವರು ಕೇಳಿದ್ದು ಒಂದೇ: "ಪಟ್ಟಿ ಪೆನ್ನಿನಾಗ ಬರದಾನೋ, ಪೆನ್ಸಿಲಿನಾಗೋ?" ಪೆನ್ನಿನಲ್ಲಿ ಎಂದೆ.

ಇಷ್ಟರಲ್ಲಿ ನನ್ನ ಬತ್ತಳಿಕೆಯಲ್ಲಿ ಕಾಕಾ ಬಹಳ ಬೇಡಿಕೆಯ ಐಟಂ ಆಗಿದ್ದರು. ಮೊಣಕಾಲು ಸ್ವಲ್ಪ ಮಡಿಸಿ, ಎಡಗೈ ಸೊಂಟದ ಮೇಲಿಟ್ಟು, ಮೂಗಿನಿಂದ ಒಂದು ಉಸಿರು ಬಿಟ್ಟು "ಕ್ಲಿಯರ್ ಐತ್ರಿ." ಅವರ ಮುಂದೆಯೇ ಮಾಡುತ್ತಿದ್ದೆ. "ನಾ ಹಿಂಗ ನಿಲ್ತೀನೇನ್ಲೇ?" ಎಂದು ಕೇಳಿ, ಹಾಗೇ ನಿಂತು ನಗುತ್ತಿದ್ದರು.

ಆಗಸ್ಟಿನ ಎರಡನೆಯ ಶನಿವಾರ. ಮಧ್ಯಾಹ್ನದ ಊಟದ ಬಿಡುವು. ಹೊಸದಾಗಿ ಇಬ್ಬರು ಸ್ವಯಂಸೇವಕರು ಬಂದಿದ್ದರು. ಬಾಲದ ಕೆಳಗೆ ಡೋನಟ್ ಪೆಟ್ಟಿಗೆ ಇಟ್ಟುಕೊಂಡು, ಇಲ್ಲಿನ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಮಾಡು ಎಂದು ನನ್ನನ್ನು ಹುರಿದುಂಬಿಸಿದರು. ಹ್ಯಾಂಕ್‌ನನ್ನು ಮಾಡುವಾಗ ಕೈಯಲ್ಲಿ ಹಿಡಿಯಲೆಂದು ನಾನು ಟಾರ್ಚು ತರಲು ಮೂತಿಗೆ ಹತ್ತಿದೆ. ಹಿಡಿಕೆಗೆ ಮಫ್ಲರು ಕಟ್ಟಿತ್ತು. ಕಾಕಾ ಹಿಂದುಗಡೆ ಬೆಂಚಿನ ಹತ್ತಿರ ರೊಟ್ಟಿ ಬಿಚ್ಚಿದ್ದನ್ನು ಸ್ವಲ್ಪ ಮೊದಲು ನೋಡಿದ್ದೆ. ಅವರು ಅರ್ಧ ರೊಟ್ಟಿಗೆ ಎದ್ದು, ಸರಿಯಾಗಿ ಕೂರದ ಒಂದು ಪಿನ್ನು ನೆನಪಾಗಿ, ಮೂತಿಗೆ ಹತ್ತಿ ಮಫ್ಲರು ಕಟ್ಟಿ, ಇಳಿದು ಹೊಟ್ಟೆಯೊಳಗೆ ಹೋಗಿದ್ದರು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ಕಾರಣವಲ್ಲ. ಆ ಬಟ್ಟೆ ಅಲ್ಲಿ ಇದ್ದದ್ದೇ ಗೊತ್ತಿಲ್ಲದವರಿಗಾಗಿ. ನಾನು ಅದನ್ನು ಬಿಚ್ಚಿದೆ. ಮಫ್ಲರು ಇಲ್ಲದೆ ಕಾಕಾ ಪೂರ್ತಿ ಆಗುವುದಿಲ್ಲ ಎಂದಷ್ಟೇ ಆಗ ತಲೆಯಲ್ಲಿದ್ದದ್ದು.

ಅದನ್ನು ಕುತ್ತಿಗೆಗೆ ಸುತ್ತಿಕೊಂಡು ಇಳಿದು ಬಾಲದ ಕಡೆಗೆ ಹೋದೆ. ಮೊದಲು ಹ್ಯಾಂಕ್ ಮಾಡಿದೆ. ಆಮೇಲೆ ನನ್ನನ್ನೇ ಮಾಡಿಕೊಂಡೆ, ಅವರು ಚೆನ್ನಾಗಿ ನಕ್ಕರು. ಅಷ್ಟರಲ್ಲಿ ಗ್ಲೆನ್ ಊಟ ಮುಗಿಸಿ, ಒಂದೂವರೆಗೆ ಇದ್ದ ಬಾಗಿಲ ಪರೀಕ್ಷೆಗಾಗಿ ಪಂಪು ಹಾಕಿ ಮೂತಿಗೆ ಹತ್ತಿದ್ದ. ಹಿಡಿಕೆ ಬರಿದಾಗಿತ್ತು. ಅವನು ನಿಯಮದ ಪ್ರಕಾರ ಕೂಗಿಗೆ ಕಾದ. ನಾನು ಮೊಣಕಾಲು ಮಡಿಸಿ, ಮೂಗಿನಿಂದ ಉಸಿರು ಬಿಟ್ಟು ಕೂಗಿದೆ.

"ಕ್ಲಿಯರ್ ಐತ್ರಿ."

ಮೂತಿಯ ಕಡೆಯಿಂದ ಗ್ಲೆನ್ನನ ದನಿ, "ಐತ್ರಿ?"

ಅವನೂ ಆಟಕ್ಕೆ ಸೇರಿಕೊಂಡನೆಂದು ನನಗೆ ಖುಷಿಯಾಯಿತು. "ಐತ್ರಿ, ಐತ್ರಿ," ಎಂದೆ.

ಬಾಗಿಲು ಮುಚ್ಚಿದ ಸದ್ದು ಬಂತು, ಆಮೇಲೆ ಒಂದು ಕೂಗು. ಗ್ಲೆನ್ ಆ ಕ್ಷಣವೇ ಹಿಡಿಕೆ ಹಿಂದಕ್ಕೆ ಹಾಕಿದ. ಬಾಗಿಲು ತೆರೆದಾಗ ಕಾಕಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಕಿರುಬೆರಳು, ಉಂಗುರದ ಬೆರಳು. ನಾನು ಕುತ್ತಿಗೆಯಿಂದ ಮಫ್ಲರು ತೆಗೆದು ಆ ಕೈಗೆ ಸುತ್ತಿದೆ. ಅದು ನನ್ನ ಕುತ್ತಿಗೆಯಿಂದ ಬರುವುದನ್ನು ಕಾಕಾ ನೋಡಿದರು. ನೋಡಿದ್ದು ನನಗೆ ಗೊತ್ತು.

ಆ ಮಧ್ಯಾಹ್ನದ ಮಿಕ್ಕ ಭಾಗ ನನಗೆ ಬೇರೆ ಯಾರಿಗೋ ಆದದ್ದರಂತೆ ನೆನಪಿದೆ. ಆಂಬುಲೆನ್ಸು ಬಂತು. ನಾನು ಡೋನಟ್ ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ. ಪಂಪು ಆರಿಸಿದೆ. ಉಪಕರಣಗಳನ್ನು ಎಣಿಸಿ ಅವುಗಳ ಜಾಗದಲ್ಲಿಟ್ಟೆ, ಹದಿನಾಲ್ಕು ಸ್ಪ್ಯಾನರು, ಎಲ್ಲವೂ ಇದ್ದವು.

ಸಂಜೆ ಆಸ್ಪತ್ರೆಯಲ್ಲಿ ಬೆರಳು ಉಳಿಯುತ್ತವೆ, ಸ್ಪರ್ಶ ವಾಪಸ್ ಬರುವುದು ಅನುಮಾನ ಎಂದರು. ಶೈಲಾ ಸರ್ಜನ್ನಿನ ಜೊತೆ ಮಾತಾಡಲು ಹೊರಗೆ ಹೋಗಿದ್ದರು. ಹ್ಯಾಂಕ್ ವರದಿಯ ಪುಸ್ತಕ ತೆರೆದು ಹಾಸಿಗೆಯ ಪಕ್ಕ ಕೂತ. ಅಪಘಾತವಾದರೆ ಅದೇ ದಿನ ವರದಿ ಬರೆಯಬೇಕು. ಕಾಕಾನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ದುಭಾಷಿ ನಾನೇ. ಮಫ್ಲರು ಕಟ್ಟಿದ್ದರೇ, ಒಳಗಿರುವಾಗಲೇ ಕ್ಲಿಯರ್ ಎಂದು ಯಾಕೆ ಕೂಗಿದರು ಎಂದು ಕೇಳು ಎಂದ. ನಾನು ಕೇಳಿದೆ. ಕಾಕಾ ನನ್ನ ಮುಖವನ್ನೇ ನೋಡಿದರು.

"ಏನ್ ಹೇಳಬೇಕೋ ನೀನ ಹೇಳಪ್ಪ. ನಿನಗ ಗೊತ್ತೈತಿ."

ಅವರಿಗೆ ನೆನಪಿಲ್ಲವಂತೆ ಎಂದು ನಾನು ಅನುವಾದಿಸಿದೆ.

ನನ್ನ ಲೈಸೆನ್ಸು ನೆನಪಾಗಿತ್ತು. ಅಪ್ಪನೂ ನೆನಪಾಗಿದ್ದರು. ಹ್ಯಾಂಕ್ ಬರೆದುಕೊಂಡ: ಸ್ವಯಂಸೇವಕ ತನ್ನ ಬಟ್ಟೆಯನ್ನು ಹಿಡಿಕೆಗೆ ಕಟ್ಟಲು ಮರೆತಿದ್ದಾನೆ; ಒಳಗಿರುವಾಗಲೇ ಗೊಂದಲದಿಂದ ಕ್ಲಿಯರ್ ಎಂದು ಕೂಗಿದ್ದಾನೆ. ಮಫ್ಲರು ಕಾಕಾನ ಕೈಗೇ ಸುತ್ತಿದ್ದರಿಂದ, ಅದು ಇಡೀ ಹೊತ್ತು ಅವರ ಕುತ್ತಿಗೆಯಲ್ಲೇ ಇತ್ತೆಂದು ಯಾರಿಗಾದರೂ ಅನ್ನಿಸುತ್ತಿತ್ತು. ಡೋನಟ್ಟಿನ ಇಬ್ಬರಿಗೆ ಬಟ್ಟೆಯ ಕಾನೂನು ಗೊತ್ತಿರಲಿಲ್ಲ, ಮುಂದಿನ ವಾರ ಅವರು ಬರಲೂ ಇಲ್ಲ. ಗ್ಲೆನ್ ಮಾತ್ರ ಪ್ರತಿ ಶನಿವಾರ ಬಂದು ಮೂತಿಯ ಕೆಳಗೆ ನಿಂತು, ನಾನು ಇಳಿದು ನೋಡಬೇಕಿತ್ತು, ನಾನು ಇಳಿದು ನೋಡಬೇಕಿತ್ತು ಎನ್ನುತ್ತಿದ್ದ. ನಾನು ಅವನಿಗೆ ಕಾಫಿ ಮಾಡಿಕೊಡುತ್ತಿದ್ದೆ.

ಮೂರು ವಾರ ಹೀಗೇ ಹೋಯಿತು. ನಾನು ಮಲಗಿದೆ, ಎದ್ದೆ, ಊಟ ಮಾಡಿದೆ. ಅಪರಾಧಿಗೆ ಅನ್ನ ಸೇರುವುದಿಲ್ಲ ಎನ್ನುವುದು ಸುಳ್ಳು, ಚೆನ್ನಾಗಿ ಸೇರುತ್ತದೆ. ಮಿಮಿಕ್ರಿ ಮಾತ್ರ ಬರಲಿಲ್ಲ. ಯಾರೋ ಹ್ಯಾಂಕ್‌ನದು ಮಾಡು ಎಂದರು, ಬಾಯಿ ತೆರೆದೆ, ನನ್ನದೇ ದನಿ ಬಂತು. ಹ್ಯಾಂಕ್ ಗೋಡೆಯ ಪಟ್ಟಿಯಲ್ಲಿ ಐದನೆಯ ಹೆಸರಿನ ಮೇಲೆ ಗೀಟು ಎಳೆದ, ಅದನ್ನೂ ಪೆನ್ನಿನಲ್ಲೇ. ವಿಮಾ ಕಂಪನಿಯ ಕಾಗದ ಬಂದಿತ್ತು: ಮರೆವಿರುವವರನ್ನು ವಿಮಾನದ ಹತ್ತಿರ ಬಿಡುವಂತಿಲ್ಲ. ಕಾಕಾನ ಉಪಕರಣದ ಚೀಲವನ್ನು ಅವರ ಮನೆಗೆ ತಲುಪಿಸಲು ಹ್ಯಾಂಕ್ ನನಗೆ ಹೇಳಿದ.

ಮುಂದಿನ ಶನಿವಾರ ಬೆಳಿಗ್ಗೆ ಕ್ಯಾಂಪ್‌ಬೆಲ್‌ಗೆ ಹೋದೆ. ಶೈಲಾ ಬಾಗಿಲಲ್ಲೇ ದನಿ ತಗ್ಗಿಸಿ ಹೇಳಿದರು. "ರಿಪೋರ್ಟ್ ಓದ್ದೆ ಮಧು. ಅಪ್ಪಂಗೆ ಮರೆವು ಶುರುವಾಗಿದೆ ಅಂತ ನಮಗೆ ಗೊತ್ತೇ ಆಗಿರ್ಲಿಲ್ಲ. ಈಗ ಸ್ಟೋವ್ ಹತ್ರ ಬಿಡ್ತಿಲ್ಲ. ವಾಕಿಂಗ್‌ಗೂ ಒಬ್ರನ್ನೇ ಕಳಿಸ್ತಿಲ್ಲ. ಮುಂದಿನ ತಿಂಗಳು ಮೆಮೊರಿ ಟೆಸ್ಟಿಗೆ ಅಪಾಯಿಂಟ್‌ಮೆಂಟ್ ತಗೊಂಡಿದೀನಿ."

ಅವರ ದನಿಯಲ್ಲಿ ನನ್ನ ಬಗ್ಗೆ ಕೃತಜ್ಞತೆ ಇತ್ತು. ಕೈಗೆ ಬಟ್ಟೆ ಸುತ್ತಿದವನು ನಾನಲ್ಲವೇ.

ಕಾಕಾ ಹಿತ್ತಲಲ್ಲಿ ನಿಂಬೆಗಿಡದ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬಲಗೈಗೆ ಬ್ಯಾಂಡೇಜು. ಮಫ್ಲರು ಒಗೆದು ತಂತಿಯ ಮೇಲೆ ಹಾಕಿತ್ತು, ಒಂದು ತುದಿಯಲ್ಲಿ ಕಲೆ ಹೋಗಿರಲಿಲ್ಲ. ಚೀಲ ಅವರ ಕಾಲ ಹತ್ತಿರ ಇಟ್ಟೆ. ಅವರು ಅದನ್ನು ತೆರೆಯಲಿಲ್ಲ.

"ಒಂದ್ ಮಾತ ಹೇಳ್ತೀನಿ ಕೇಳು," ಎಂದರು. "ಅವತ್ತ ಒಳಗ ನಿಂತು ಪಿನ್ನ ಕೂರಸಾಕತ್ತಿದ್ದೆ. ಹೊರಗ ನನ್ನ ದನಿ ಕೇಳಿದ್ನಿ. ನಾ ಬಾಯಿ ಬಿಟ್ಟಿಲ್ಲ, ನನ್ನ ದನಿ ಹೊರಗ ಕ್ಲಿಯರ್ ಅನ್ನಾಕತ್ತೈತಿ. ಇದೇನು ನಾ ಇಲ್ಲಿದೀನೋ ಅಲ್ಲಿದೀನೋ ಅನಿಸ್ತು. ತಿಳಿಯೋದರಾಗ ಕುಕ್ಕರಿಸಿದೆ. ಕೈ ಒಂದು ಮ್ಯಾಲ ಉಳೀತು."

ನಾನು ತಂತಿಯ ಮೇಲಿನ ಮಫ್ಲರಿನ ಕಡೆ ನೋಡಿದೆ.

"ಭಾಳ ಚಲೋ ಮಾಡಿದ್ದಿ," ಎಂದರು. "ನನಗ ಸುದ್ದಾ ಫರಕ್ ತಿಳೀಲಿಲ್ಲ."

ಅವರು ಬೈದಿದ್ದರೆ ನಾನು ಅದನ್ನು ಕೇಳಿಕೊಂಡು, ಚೀಲ ಅಲ್ಲಿಟ್ಟು ವಾಪಸ್ ಹೋಗುತ್ತಿದ್ದೆನೇನೋ. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಹೇಳಬೇಕಾದವನು ತಾನಲ್ಲ ಎಂದರು. ಬಿಚ್ಚಿದವನು ಬೇರೆ ಇದ್ದಾನೆ. ಆಮೇಲೆ ಒಳಗಿನ ಕಡೆಗೆ ತಲೆ ಮಾಡಿ, ಮಗಳು ಗ್ಯಾಸು ಹಚ್ಚಲು ಬಿಡುತ್ತಿಲ್ಲ, ಚಹಾ ಕೇಳಿದರೆ ಮಾಡಿ ತಂದುಕೊಡುತ್ತಾಳೆ, ಅದು ಚಹಾದಂತೆ ಇರುವುದಿಲ್ಲ ಎಂದರು. ಅವರು ಮಾಡಿದ ದೂರು ಅಷ್ಟೇ.

ನಾನು ಶೈಲಾಗೆ ಅಡಿಗೆಮನೆಯಲ್ಲೇ ಎಲ್ಲವನ್ನೂ ಹೇಳಿದೆ. ಅವರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಹೊರಗೆ ಹೋದರು. ಕಾಕಾ ಮಫ್ಲರು ಹಾಕಿಕೊಂಡು ಬಂದು ಕಾರಿನಲ್ಲಿ ಕೂತರು. ಹ್ಯಾಂಕ್‌ಗೂ ಹೇಳಲು ಓಕ್ಲ್ಯಾಂಡಿಗೆ ಹೊರಟೆವು.

ಹ್ಯಾಂಕ್‌ನ ಆಫೀಸೆಂದರೆ ಹ್ಯಾಂಗರಿನ ಮೂಲೆಯಲ್ಲಿ ಪ್ಲೈವುಡ್ಡಿನ ಒಂದು ಗೂಡು. ನಾನು ನಿಂತುಕೊಂಡೇ ಹೇಳಿದೆ. ಟಾರ್ಚು, ಮಫ್ಲರು, ಡೋನಟ್ಟು, ಕೂಗು, ಆಸ್ಪತ್ರೆಯ ಅನುವಾದ. ಅವನು ಪೂರ್ತಿ ಕೇಳಿಸಿಕೊಂಡು, ಗ್ಲೆನ್‌ನನ್ನು ಒಳಗೆ ಕರೆದ. ಆಮೇಲೆ ನನ್ನ ಕಡೆ ತಿರುಗಿ, ಅವತ್ತು ಏನು ಕೂಗಿದೆಯೋ ಅದನ್ನು ಅದೇ ದನಿಯಲ್ಲಿ ಈಗ ಕೂಗು, ವರದಿಗೆ ಬೇಕು ಎಂದ.

ಮೂರು ವಾರದಿಂದ ಬಾರದಿದ್ದ ದನಿ. ಗ್ಲೆನ್‌ಗೆ ಗೋಡೆಯ ಕಡೆ ಮುಖ ಮಾಡಿ ನಿಲ್ಲಲು ಹೇಳಿದ. ಕಾಕಾ ನನ್ನ ಎದುರಿನ ಕುರ್ಚಿಯಲ್ಲಿದ್ದರು, ಕೈ ಮಡಿಲಲ್ಲಿ. ನಾನು ಮೊಣಕಾಲು ಮಡಿಸಿದೆ. ಎಡಗೈ ಸೊಂಟದ ಮೇಲಿಟ್ಟೆ. ಉಸಿರು ಬಿಟ್ಟೆ.

"ಕ್ಲಿಯರ್ ಐತ್ರಿ. ಐತ್ರಿ, ಐತ್ರಿ."

ಬಂತು. ಒಂದು ಎಳೆಯೂ ತಪ್ಪದೆ ಬಂತು. ನಾನು ಮಾಡಿದ್ದರಲ್ಲೆಲ್ಲ ಅದೇ ಅತ್ಯುತ್ತಮ, ಇದನ್ನು ಹೇಳಲು ನಾಚಿಕೆಯಾಗಬೇಕು, ಆಗುತ್ತಿಲ್ಲ. ಯಾರೂ ನಗಲಿಲ್ಲ. ಗೋಡೆಯ ಕಡೆಗೆ ನಿಂತಿದ್ದ ಗ್ಲೆನ್ ತಿರುಗಿ, ಮೊದಲು ಕಾಕಾನ ಬಾಯಿ ನೋಡಿದ, ಆಮೇಲೆ ನನ್ನದು ನೋಡಿದ. ಕನ್ನಡಕ ತೆಗೆದು ಹೊರಗೆ ಹೋದ.

ಹ್ಯಾಂಕ್ ಹಳೆಯ ವರದಿಗೆ ಅಡ್ಡಗೀಟು ಎಳೆದು, ಹೊಸದನ್ನು ಬರೆದು, ನನ್ನ ಸಹಿ ಹಾಕಿಸಿಕೊಂಡ. ಬಯ್ಯಲಿಲ್ಲ. ಮೊದಲ ಹಾರಾಟದವರೆಗೆ ನಾನು ವಿಮಾನಕ್ಕೆ ಕೈ ಹಚ್ಚುವಂತಿಲ್ಲ, ನೆಲ ಗುಡಿಸಬಹುದು ಎಂದ. ಲೈಸೆನ್ಸಿನ ಬಗ್ಗೆ ಸರ್ಕಾರದಿಂದ ಎಚ್ಚರಿಕೆಯ ಪತ್ರವೊಂದು ಆಮೇಲೆ ಬಂತು, ಅದು ಈಗಲೂ ನನ್ನ ಫೈಲಿನಲ್ಲಿದೆ. ಗೋಡೆಯ ಪಟ್ಟಿಯಲ್ಲಿ ಗೀಟು ಎಳೆದ ಹೆಸರಿನ ಕೆಳಗೆ ಅವನು ಅದೇ ಹೆಸರನ್ನು ಇನ್ನೊಂದು ಸಲ ಬರೆದ. ಮನೆಯಲ್ಲಿ ಅಪ್ಪ, ಅದಕ್ಕೇ ಇಂಜಿನಿಯರಿಂಗ್ ಓದು ಅಂದಿದ್ದು ಎಂದರು. ಆ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಕ್ಟೋಬರಿನಲ್ಲಿ ಹಾರಾಟದ ದಿನ ಬೆಳಿಗ್ಗೆ ಕೊಲ್ಲಿಯ ಮಂಜು ರನ್‌ವೇ ತನಕ ಬಂದಿತ್ತು. ಕಾಕಾ ಕೊನೆಯ ಸಲ ಹೊಟ್ಟೆಯೊಳಗೆ ಹೋಗಿ ಎಲ್ಲ ಪಿನ್ನುಗಳನ್ನೂ ಮುಟ್ಟಿ ನೋಡಬೇಕಿತ್ತು. ಮೂತಿಗೆ ಹತ್ತಿ, ಎಡಗೈಯಿಂದಲೇ ಹೇಗೋ ಮಫ್ಲರು ಕಟ್ಟಿ ಬಂದರು. ಪಿನ್ನು ನೋಡಿದರು. ಮತ್ತೆ ಮೂತಿಗೆ ಹತ್ತಿದರು. ಇಳಿಯಲಿಲ್ಲ.

ನಾನು ಪೊರಕೆ ಹಿಡಿದು ಗಾಜಿನ ಕೆಳಗೆ ನಿಂತಿದ್ದೆ, ಕಾಣುತ್ತಿತ್ತು. ಗಂಟು ಬಿಗಿಯಾಗಿತ್ತು. ಬಲಗೈಯ ಎರಡು ಬೆರಳು ಬಟ್ಟೆಯ ಮೇಲೆ ಇದ್ದವು, ಆದರೆ ಬಟ್ಟೆ ಎಲ್ಲಿದೆಯೆಂದು ಅವುಗಳಿಗೆ ತಿಳಿಯುತ್ತಿರಲಿಲ್ಲ. ಕಣ್ಣಿನಿಂದ ನೋಡಿ ನೋಡಿ ಅವುಗಳನ್ನು ಜಾಗಕ್ಕೆ ಇಡುತ್ತಿದ್ದರು, ಅವು ಜಾರುತ್ತಿದ್ದವು. ಪೈಲಟ್ಟು ಅವರ ಹಿಂದೆಯೇ, ಒಂದು ಗೇಣು ದೂರದಲ್ಲಿ, ಕೈ ಕಟ್ಟಿಕೊಂಡು ಕೂತಿದ್ದ. ಅವನು ಮುಟ್ಟಲಿಲ್ಲ. ಕೆಳಗೆ ಹ್ಯಾಂಕ್ ಗಡಿಯಾರ ನೋಡಿದ, ಕಾದ. ಟವರಿನವರು ರೇಡಿಯೋದಲ್ಲಿ ತಡವೇಕೆಂದು ಕೇಳಿದರು. ಬಟ್ಟೆ ಇನ್ನೂ ಇದೆ ಎಂದು ಪೈಲಟ್ಟು ಹೇಳಿದ. ಟವರಿಗೆ ಏನು ಅರ್ಥವಾಯಿತೋ. ಆರು ನಿಮಿಷ ಹಿಡಿಯಿತು. ಕೊನೆಗೆ ಹಲ್ಲಿನಿಂದ ಎಳೆದು ಬಿಚ್ಚಿದರು.

ಇಳಿದು ಬಂದು ವಿಮಾನದ ಪಕ್ಕ ನಿಂತು ಕೂಗಿದರು. "ಕ್ಲಿಯರ್ ಐತ್ರಿ." ಗ್ಲೆನ್ ಒಳಗಿಂದ "ಐತ್ರಿ?" ಎಂದ. ಹೌದೆಂದರು. ಬಾಗಿಲು ಮುಚ್ಚಿತು.

ಏಣಿ ಹತ್ತುವ ಮೊದಲು ನನ್ನ ಹತ್ತಿರ ಬಂದು ಮಫ್ಲರನ್ನು ನನ್ನ ಹೆಗಲ ಮೇಲೆ ಹಾಕಿದರು.

"ಹಾಕ್ಕೊ," ಎಂದರು. "ಭಾಳ ಚಳಿ ಐತಿ."

ವಿಮಾನ ಮಂಜಿನೊಳಗೆ ಹೋಗಿ, ಇಪ್ಪತ್ತು ನಿಮಿಷದ ಮೇಲೆ ಮಂಜು ಹರಿದಿದ್ದ ಕಡೆಯಿಂದ ನಮ್ಮ ತಲೆಯ ಮೇಲೆ ಬಂತು. ಹೊಟ್ಟೆಯ ಬಾಗಿಲು ತೆರೆಯಿತು. ಒಳಗೆ ಹಸಿರು ಬಣ್ಣದ ಬಾಂಬುಗಳು ಸಾಲಾಗಿ, ಉದ್ದನೆಯ ಕೊಕ್ಕೆ ಮುಂದಾಗಿ ತೂಗುತ್ತಿದ್ದವು. ಬಾಗಿಲು ಮುಚ್ಚಿತು. ಅಷ್ಟೂ ಹೊತ್ತು ಉಣ್ಣೆ ನನ್ನ ಕುತ್ತಿಗೆಗೆ ಚುಚ್ಚುತ್ತಿತ್ತು. ಪಕ್ಕದಲ್ಲಿದ್ದ ಯಾರೋ, ಈಗ ಅವರು ಒಳಗೆ ಏನು ಹೇಳುತ್ತಿರಬಹುದು, ಮಾಡಿ ತೋರಿಸು ಎಂದರು. ನಾನು ಬಾಯಿ ತೆರೆಯಲಿಲ್ಲ.

ಆ ವಿಮಾನದ ಪರೀಕ್ಷಾ ಪಟ್ಟಿಯಲ್ಲಿ ಈಗ ಟೈಪು ಮಾಡಿದ ಒಂದು ಸಾಲಿದೆ: ಹಿಡಿಕೆಯ ಬಟ್ಟೆ, ಕಟ್ಟಿದವರ ಕೈಯಿಂದಲೇ ತೆಗೆಯುವುದು. ಈ ಕೆಲಸ ನನಗೆ ಕಲಿಸಿದ್ದೂ ಅಷ್ಟೇ, ಹೆಚ್ಚಿಗೆ ಏನೂ ಇಲ್ಲ. ಈಗ ನಾನು ಬೇರೆ ಹ್ಯಾಂಗರಿನಲ್ಲಿದ್ದೇನೆ. ಅಲ್ಲಿ ಹಿಡಿಕೆ ಯಾರೂ ಮುಟ್ಟದಂತೆ ಹಾಕುವ ಕೆಂಪು ಚೀಟಿ, ಬೀಗ ಎಲ್ಲ ಇವೆ. ಯಾವುದಾದರೂ ಹಿಡಿಕೆಗೆ ಯಾರದೋ ಏನೋ ಕಟ್ಟಿದ್ದು ಕಂಡರೆ, ಅವರು ಬರುವ ತನಕ ಪಕ್ಕದಲ್ಲಿ ನಿಂತಿರುತ್ತೇನೆ. ಕೆಲವು ಸಲ ಬಹಳ ಹೊತ್ತಾಗುತ್ತದೆ. ಹೊಸಬರು ನನ್ನ ಹಿಂದೆ ನಿಂತು, ಕೈಕಟ್ಟಿ ಕಾಯುವ ನನ್ನನ್ನು ಮಾಡಿ ತೋರಿಸಿ ನಗುತ್ತಾರೆ. ಚೆನ್ನಾಗಿಯೇ ಮಾಡುತ್ತಾರೆ.